ಹಿಂದಿನ ಸಾಲಿಗೆ ನಾಚಿದ ಮಾಳಣ್ಣ

ಮಕ್ಕಳೇ, ಬಯಲುಸೀಮೆಯಲ್ಲಿ ಒಂದು ದೊಡ್ಡ ಕೆರೆಯಿತ್ತು. ಪ್ರತಿ ಚಳಿಗಾಲಕ್ಕೂ ಹಿಮದ ಬೆಟ್ಟಗಳನ್ನು ದಾಟಿಕೊಂಡು ಪಟ್ಟೆತಲೆ ಹೆಬ್ಬಾತುಗಳ ಹಿಂಡೊಂದು ಅಲ್ಲಿಗೆ ಬರುತ್ತಿತ್ತು. ಬಿಸಿಲೇರುವ ಮೊದಲು ಅವು ಮತ್ತೆ ಬೆಟ್ಟ ದಾಟಿ ತಮ್ಮ ಊರು ಸೇರಬೇಕು. ಸೇರದೆ ಕೆರೆಯಲ್ಲೇ ಉಳಿದ ಹೆಬ್ಬಾತು ಮಳೆಗಾಲ ಕಂಡದ್ದಿಲ್ಲ.

ಆ ಹಿಂಡಿನಲ್ಲಿ ಮಾಳಣ್ಣ ಎಂಬವನಿದ್ದ. ಬರುವಾಗ ಸಾಲಿನ ಮುಂತುದಿಯಲ್ಲಿದ್ದು, ಎದುರುಗಾಳಿಗೆ ಎದೆಕೊಟ್ಟು ಹಾರಿದವನು ಅವನೇ. ಎಲ್ಲರೂ ಹೊಗಳಿದರು. ಹೊಗಳಿಕೆ ತಲೆಗೇರಿತು, ಹೊಲದ ಕಡಲೆಕಾಯಿ ಹೊಟ್ಟೆಗಿಳಿಯಿತು. ಚಳಿಗಾಲ ಮುಗಿಯುವ ಹೊತ್ತಿಗೆ ಮೇಯುವುದು, ದಂಡೆಯಲ್ಲಿ ಮಲಗುವುದು, ಇಷ್ಟೇ ಅವನ ಕೆಲಸವಾಗಿತ್ತು. ಮೈ ಕುಂಬಳಕಾಯಿಯಂತೆ ಊದಿತ್ತು. ಹೆಂಡತಿ ಸೋಮಿ ಸ್ವಲ್ಪ ರೆಕ್ಕೆ ಆಡಿಸು ಎಂದರೆ, ಬೆಟ್ಟ ದಾಟಿದವನಿಗೆ ಕೆರೆ ಸುತ್ತಲು ಕಲಿಸುತ್ತೀಯಾ ಎಂದು ನಕ್ಕುಬಿಡುತ್ತಿದ್ದ.

ಹೊರಡುವ ಕಾಲ ಹತ್ತಿರವಾದಾಗ ಹಿಂಡಿನಲ್ಲಿ ಒಂದು ಪದ್ಧತಿಯಿತ್ತು. ದಿನವೂ ಬೆಳಗ್ಗೆ ಎಲ್ಲರೂ ಸಾಲುಗಟ್ಟಿ ಕೆರೆಯನ್ನು ಸುತ್ತಬೇಕು. ಉಸಿರು ಸೋತವರು ಸಾಲಿನ ಹಿಂದಕ್ಕೆ ಹೋಗಬೇಕು. ಮುಂದಿನವರ ರೆಕ್ಕೆಯ ಗಾಳಿ ಹಿಂದಿನವರನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಆ ಹಿಂದಿನ ಸಾಲಿಗೆ ಏದುಸಿರಿನ ಸಾಲು ಎಂದೇ ಹೆಸರು. ಹಿಂಡಿನ ಹಿರಿಯಳಾದ ನಿಂಗಜ್ಜಿ ಕೂಡ ಮೊದಮೊದಲು ಅಲ್ಲೇ ಹಾರುತ್ತಿದ್ದಳು.

ಮೊದಲ ದಿನ ಮಾಳಣ್ಣ ಸಾಲಿನ ಮುಂತುದಿಯಲ್ಲಿ ಹೊರಟ. ಅರ್ಧ ಸುತ್ತು ಮುಗಿಯುವುದರೊಳಗೆ ಎದೆ ಉರಿಯತೊಡಗಿತು, ಕಣ್ಣು ಕತ್ತಲಿಟ್ಟಿತು.

"ಹಿಂದಕ್ಕೆ ಬಾ ಮಾಳಣ್ಣ," ಎಂದಳು ನಿಂಗಜ್ಜಿ. "ಈ ಉರಿ ಎಲ್ಲರಿಗೂ ಇದ್ದದ್ದೇ. ಇವತ್ತು ಆ ಹುಣಸೆಮರದ ತನಕ ಹಾರು ಸಾಕು. ನಾಳೆ ಅದರಾಚೆಯ ಮರ ನೋಡಿಕೊಳ್ಳೋಣ."

ಹಿಂದಿನ ಸಾಲಿನಲ್ಲಿದ್ದದ್ದು ಕಳೆದ ವರ್ಷ ಹುಟ್ಟಿದ ಮರಿಗಳು. ಅವುಗಳ ಜೊತೆ ಬಾಯಿ ತೆರೆದುಕೊಂಡು ಏದುವುದೇ? ಮಾಳಣ್ಣನಿಗೆ ಅದು ಸಾಯುವಷ್ಟು ಅವಮಾನವೆನಿಸಿತು. ಸರ್ರನೆ ಕೆಳಗಿಳಿದು ಕೆರೆಯಂಚಿನಲ್ಲಿ ಎತ್ತರಕ್ಕೆ ಬೆಳೆದ ಆಪಿನ ಹುಲ್ಲಿನ ಮರೆಯಲ್ಲಿ ಕುಳಿತುಬಿಟ್ಟ. ಕಾಲಿಗೆ ಮುಳ್ಳು ಚುಚ್ಚಿದೆ ಎಂದ. ಮಾರನೆಯ ದಿನ ಗಾಳಿ ಸರಿಯಿಲ್ಲ ಎಂದ, ಅದರ ಮರುದಿನ ಹೊಟ್ಟೆನೋವು ಎಂದ. ಕುಣಿಯಲಾರದವಳಿಗೆ ನೆಲ ಡೊಂಕು ಅಂತಾರಲ್ಲ, ಹಾಗೆ.

ಯಾರೂ ನೋಡದ ಕಡೆ ತಾನೊಬ್ಬಳೇ ಜೊತೆಗೆ ಹಾರುತ್ತೇನೆ ಎಂದು ಸೋಮಿ ಬೇಡಿಕೊಂಡಳು. ಹೆಂಡತಿಯ ಮುಂದೆ ಏದುವುದು ಅವನಿಗೆ ಇನ್ನೂ ದೊಡ್ಡ ಅವಮಾನ. ಒಪ್ಪಲಿಲ್ಲ.

ಹೀಗೆಯೇ ದಿನಗಳು ಕಳೆದವು. ನಾಳೆ ಬೆಳಗ್ಗೆ ಪಯಣ ಎಂದು ನಿಂಗಜ್ಜಿ ಸಾರಿದಳು. ಬೆಂಕಿ ಬಿದ್ದಾಗ ಬಾವಿ ತೋಡುವವರು ಊರಿಗೊಬ್ಬರು ಇರುತ್ತಾರಂತೆ. ಆ ಹಿಂಡಿಗೆ ಮಾಳಣ್ಣನಿದ್ದ. ಇಷ್ಟು ದಿನದ ಹಾರಾಟವನ್ನೆಲ್ಲ ಒಂದೇ ದಿನದಲ್ಲಿ ಹಾರಿ ಮುಗಿಸುತ್ತೇನೆಂದು ಹೊರಟ. ಸುತ್ತಿದ, ಮತ್ತೆ ಸುತ್ತಿದ. ನಿಲ್ಲು ನಿಲ್ಲು ಎಂದು ಎಲ್ಲರೂ ಕೂಗಿದರೂ ಕೇಳಲಿಲ್ಲ. ಕೊನೆಗೆ ಬಲರೆಕ್ಕೆಯ ಬುಡದಲ್ಲಿ ಏನೋ ಚಟ್ಟೆಂದಿತು. ಮಾಳಣ್ಣ ಕೆಸರಿಗೆ ಬಿದ್ದ.

ಬೆಳಗಾಯಿತು. ಹಿಂಡು ಹೊರಟು ನಿಂತಿತು. ನಿಂಗಜ್ಜಿ ಅವನ ರೆಕ್ಕೆ ನೋಡಿ ತಲೆ ತಗ್ಗಿಸಿದಳು. ಒಬ್ಬರಿಗಾಗಿ ಮರಿಗಳನ್ನೆಲ್ಲ ಬಿಸಿಲಿಗೆ ಒಡ್ಡುವಂತಿರಲಿಲ್ಲ.

ಸೋಮಿ ಗಂಡನ ಹತ್ತಿರ ಬಂದಳು. "ನಿಜ ಹೇಳು. ಈ ರೆಕ್ಕೆಯಲ್ಲಿ ಬೆಟ್ಟ ದಾಟಲಾಗುತ್ತದೆಯೇ?"

ಆಗುವುದಿಲ್ಲವೆಂದು ಮಾಳಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಮಾತು ಬಾಯಿಂದ ಹೊರಡಲಿಲ್ಲ. "ಬರೀ ಉಳುಕು ಕಣೇ. ನೀನಿರು, ನಾಲ್ಕು ದಿನ ಬಿಟ್ಟು ಇಬ್ಬರೂ ಹೋಗಿ ಅವರನ್ನು ಕೂಡಿಕೊಳ್ಳೋಣ," ಎಂದ.

ಸೋಮಿ ನಂಬಿದಳು, ಉಳಿದಳು. ಹಿಂಡು ಬಡಗು ದಿಕ್ಕಿನ ಆಕಾಶದಲ್ಲಿ ಸಣ್ಣದಾಗುತ್ತ ಹೋಯಿತು.

ದಿನಗಳು ವಾರಗಳಾದವು. ಸುಳ್ಳು ಬಯಲಾದರೂ ಸೋಮಿ ಬೈಯಲಿಲ್ಲ. ರೆಕ್ಕೆ ಕೂಡಿಕೊಂಡ ಮೇಲೆ ಅವಳು ಮುಂದೆ, ಅವನು ಹಿಂದೆ, ದಿನವೂ ಹಾರಿದರು. ಒಂದು ದಿನ ಹುಣಸೆಮರದ ತನಕ, ಇನ್ನೊಂದು ದಿನ ಅದರಾಚೆಯ ಮರದ ತನಕ. ಮಾಳಣ್ಣ ನಾಚಿಕೆ ಬಿಟ್ಟು ಏದಿದ. ಉರಿ ದಿನದಿನಕ್ಕೆ ಕಡಿಮೆಯಾಯಿತು. ಅಜ್ಜಿ ಹೇಳಿದ್ದು ಎಷ್ಟು ಸುಲಭದ ಮಾತಾಗಿತ್ತಲ್ಲ ಎಂದು ಅವನು ಮರುಗಿದ.

ಆದರೆ ಬಿಸಿಲು ಯಾರಿಗೂ ಕಾಯುವುದಿಲ್ಲ. ಕೆರೆ ಬತ್ತಿ ನಡುವಿನ ಹೊಂಡವೊಂದೇ ಉಳಿಯಿತು. ಸುತ್ತಲಿನ ಕೆಸರು ಒಣಗಿ ಗಟ್ಟಿಯಾಯಿತು. ಒಂದು ಸಂಜೆ ಆ ನೆಲದ ಮೇಲೆ ನರಿ ನಡೆದು ಬಂತು.

ಅಂದಿನ ಹಾರಾಟ ಮುಗಿಸಿ ಮಾಳಣ್ಣ ಹೊಂಡದಿಂದ ದೂರದ ಒಣನೆಲದಲ್ಲಿ ದಣಿದು ಕುಳಿತಿದ್ದ. ಏಳಲು ಓಡಿದ, ರೆಕ್ಕೆ ಬಡಿದ, ಮೈ ಮೇಲೇರಲಿಲ್ಲ. ಸೋಮಿ ಆಗಲೇ ಗಾಳಿಯಲ್ಲಿದ್ದಳು. ತಿರುಗಿ ನೋಡಿದಳು. ನರಿಯ ಎದುರಿಗೇ ಇಳಿದು, ರೆಕ್ಕೆ ಮುರಿದವಳಂತೆ ನೆಲದ ಮೇಲೆ ಹೊರಳಾಡತೊಡಗಿದಳು.

ನರಿ ಅವಳತ್ತ ತಿರುಗಿತು.

"ಏಳು!" ಎಂದು ಕೂಗಿದಳು ಸೋಮಿ. "ನೀನು ಎದ್ದ ಕೂಡಲೇ ನಾನೂ ಏಳುತ್ತೇನೆ."

ಅವಳು ತಪ್ಪಿಸಿಕೊಳ್ಳುತ್ತ ಹೊರಳಿದಳು, ಮತ್ತೆ ತಪ್ಪಿಸಿಕೊಂಡಳು. ಮಾಳಣ್ಣ ಓಡಿದ, ಬಿದ್ದ, ಎದ್ದು ಮತ್ತೆ ಓಡಿದ. ಕೊನೆಗೂ ಅವನ ಕಾಲು ನೆಲ ಬಿಟ್ಟಿತು. ಆದರೆ ತಡವಾಗಿತ್ತು. ಅವನು ಮೇಲಿಂದ ಕೆಳಗೆ ನೋಡಿದಾಗ ಸೋಮಿ ನರಿಯ ಬಾಯಲ್ಲಿದ್ದಳು.

ಮಾರನೆಯ ಬೆಳಗ್ಗೆ ಮಾಳಣ್ಣ ಒಬ್ಬನೇ ಬತ್ತಿದ ಕೆರೆಯನ್ನು ಸುತ್ತಿದ. ಬಾಯಿ ತೆರೆದು ಜೋರಾಗಿ ಏದಿದ. ಅದನ್ನು ನೋಡಿ ನಗುವವರು ಅಲ್ಲಿ ಯಾರೂ ಇರಲಿಲ್ಲ, ಕಾಯುವವರೂ ಇರಲಿಲ್ಲ.

ನೀತಿ: ಸೋತ ಮೈಯನ್ನು ದಿನವೂ ಸ್ವಲ್ಪಸ್ವಲ್ಪವೇ ದುಡಿಸಿ ಗಟ್ಟಿ ಮಾಡಬೇಕು. ಏದುಸಿರಿಗೆ ನಾಚಿ ಕೂತರೆ ಅದರ ಬೆಲೆಯನ್ನು ನಮ್ಮನ್ನು ನಂಬಿದವರು ತೆರಬೇಕಾಗುತ್ತದೆ.