ಹೊಸಿಲಲ್ಲಿ ನಿಂತ ಮದುಮಗಳು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ: ಒಂದು ಊರನ್ನು ನೋಡಿಕೊಳ್ಳುವುದು.

ಊರಿನ ಹೆಸರು ಸಂಪಿಗೆಪುರ. ಅದು ಇದ್ದದ್ದು ಕಂಪ್ಯೂಟರಿನೊಳಗೆ. ಬದುಕಿನ ಆಟ ಅದು. ಅಲ್ಲಿನ ಜನ ಹುಟ್ಟುತ್ತಿದ್ದರು, ಶಾಲೆಗೆ ಹೋಗುತ್ತಿದ್ದರು, ಮದುವೆಯಾಗುತ್ತಿದ್ದರು, ಮುದುಕರಾಗಿ ಸಾಯುತ್ತಿದ್ದರು.

ಆಟವನ್ನು ಮೊದಲು ಕಟ್ಟಿದವರು ಗುರು ಶಾಂತವೀರಯ್ಯ. ಶಿಷ್ಯರು ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು.

ಊರು ಒಂದು ಸಲಕ್ಕೆ ಒಬ್ಬ ಶಿಷ್ಯನ ಕೈಯಲ್ಲಿರುತ್ತಿತ್ತು. ಅವನು ಒಂದು ಮನೆಯನ್ನು ಆರಿಸಿಕೊಂಡು ಆ ಮನೆಯವರನ್ನು ತಾನೇ ಆಡಿಸುತ್ತಿದ್ದ. ಉಳಿದವರೆಲ್ಲ ಹಿನ್ನೆಲೆಯ ಜನ. ಅವರು ನಿಯಮಗಳ ಪ್ರಕಾರ ತಾವೇ ಬದುಕುತ್ತಿದ್ದರು. ಬೇಕಾದ ನಿಯಮಗಳನ್ನು ಶಿಷ್ಯ ಬರೆಯುತ್ತಿದ್ದ.

ಮನೆಯ ಅಜ್ಜಿಯ ಮದುವೆಯಿಂದ ಮೊಮ್ಮಗಳ ಮದುವೆಯವರೆಗೆ ಊರನ್ನು ನಡೆಸಿದರೆ ಕಲಿಕೆ ಮುಗಿಯಿತು. ಅಜ್ಜಯ್ಯನ ಅಪ್ಪಣೆ ಪಡೆದು ಹೊರಟರೆ, ಮುಂದೆ ಅವನು ತನ್ನದೇ ಆಟ ಕಟ್ಟಬಹುದು.

ಹಿಂದಿನವರು ಬರೆದ ನಿಯಮವನ್ನು ಅಳಿಸುವಂತಿರಲಿಲ್ಲ. ಊರಿನ ನಕಲು ಇಟ್ಟುಕೊಳ್ಳುವಂತಿರಲಿಲ್ಲ. ಗಡಿಯಾರ ನಿಲ್ಲಿಸುವಂತಿರಲಿಲ್ಲ. ಊರು ಸತ್ತರೆ ಸತ್ತ ಹಾಗೆಯೇ.

ಕುಬೇರನ ಸರದಿ ಬಂದಾಗ ಊರು ತುಂಬಿ ತುಳುಕುತ್ತಿತ್ತು. ಒಂದೊಂದು ಮನೆಯಲ್ಲಿ ಏಳೆಂಟು ಮಕ್ಕಳು. ಕಂಪ್ಯೂಟರ್ ಬಿಸಿಯಾಗಿ ಏದುಸಿರು ಬಿಡುತ್ತಿತ್ತು. ಪರದೆಯ ಮೇಲೆ ಜನ ಒಂದು ಹೆಜ್ಜೆ ಇಟ್ಟು, ನಿಂತು, ಇನ್ನೊಂದು ಹೆಜ್ಜೆ ಇಡುತ್ತಿದ್ದರು.

"ಜನ ಹೆಚ್ಚಾಗಿದ್ದಾರೆ," ಎಂದರು ಅಜ್ಜಯ್ಯ. "ನೋಡ್ಕೋ."

ಅಷ್ಟೇ ಹೇಳಿ ಎದ್ದು ಹೋದರು.

ಕುಬೇರ ಒಂದು ವಾರ ಯೋಚಿಸಿದ. ಆಮೇಲೆ ಮೂರು ನಿಯಮ ಬರೆದ.

ಮನೆಗೆ ಒಂದೇ ಮಗು.

ಜನ ಕಡಿಮೆಯಾದರೆ ಸಂಜೆಯ ಬಸ್ಸಿನಲ್ಲಿ ಹೊಸಬರು ಬಂದಿಳಿಯಲಿ. ಅವರು ಬೆಳೆದು ನಿಂತವರಾಗಿಯೇ ಬರಲಿ.

ತಾನು ಆಡಿಸುವ ಮನೆಯವರ ಕಣ್ಣಿಗೆ ಬೀಳದ ಜನ ನಿದ್ದೆಯಲ್ಲಿರಲಿ. ಕಣ್ಣಿಗೆ ಬಿದ್ದಾಗ ಏಳಲಿ, ನಗಲಿ, ಮಾತಾಡಲಿ. ಕಣ್ಣು ಸರಿದಾಗ ಆಡಿದ್ದನ್ನು ಮರೆತು ಮಲಗಲಿ. ನಿದ್ದೆಯಲ್ಲಿ ವಯಸ್ಸಾಗುವುದು ಆಗುತ್ತಿರಲಿ.

ಕಂಪ್ಯೂಟರಿನ ಸದ್ದು ಅಡಗಿತು. ಊರಿನ ವರ್ಷಗಳು ಸರಸರನೆ ಓಡಿದವು.

ಅಜ್ಜಯ್ಯ ಬಂದು ಕಂಪ್ಯೂಟರಿನ ಮೇಲೆ ಕೈಯಿಟ್ಟು ನೋಡಿದರು.

"ತಣ್ಣಗಿದೆ," ಎಂದ ಕುಬೇರ.

"ಹೂಂ. ತಣ್ಣಗಿದೆ," ಎಂದರು ಅಜ್ಜಯ್ಯ.

ಕುಬೇರ ಅದನ್ನು ಹೊಗಳಿಕೆ ಎಂದುಕೊಂಡ.

ಅವನು ಆರಿಸಿಕೊಂಡ ಮನೆ ಕೆಂಚಮ್ಮನದು. ಕೆಂಚಮ್ಮನಿಗೆ ಒಬ್ಬಳೇ ಮಗಳು, ತಿಪ್ಪಮ್ಮ. ತಿಪ್ಪಮ್ಮನಿಗೆ ಒಬ್ಬಳೇ ಮಗಳು, ಸುಗುಣ. ಸುಗುಣಳ ಮದುವೆಯ ದಿನ ಕುಬೇರ ತನ್ನ ಬಟ್ಟೆಬರೆ ಚೀಲಕ್ಕೆ ತುಂಬಿದ.

ಮುಂದಿನ ಸರದಿ ವೇದಾವತಿಯದು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನಣ್ಣ, ಹೊರಟೇಬಿಟ್ಯಾ? ಹುಡುಗಿ ಇನ್ನೂ ಸೀರೆ ಉಡ್ತಿದ್ದಾಳೆ."

"ಉಟ್ಟಾಯ್ತು. ಬಾ, ಮದುವೆ ನೋಡು. ಆಮೇಲೆ ಊರು ನಿಂದು."

ಚಪ್ಪರದ ತುಂಬ ಜನ. ಮದುಮಗ ಹಸೆಮಣೆಯ ಮೇಲೆ ಕೂತಿದ್ದ. ಸುಗುಣ ಒಳಮನೆಯಿಂದ ಬಂದು ಹೊಸಿಲಲ್ಲಿ ನಿಂತಳು.

ಕುಬೇರ ಅವಳನ್ನು ನಡೆಸಲು ನೋಡಿದ. ಅವಳು ನಡೆಯಲಿಲ್ಲ.

ಮತ್ತೊಮ್ಮೆ ನೋಡಿದ. ಅವಳು ತಲೆ ತಗ್ಗಿಸಿ ನಿಂತೇ ಇದ್ದಳು.

ಮನೆಯ ಉಳಿದವರು ಒಳಗಿದ್ದು, ಅವಳೂ ತಲೆ ತಗ್ಗಿಸಿದ್ದರಿಂದ ಚಪ್ಪರ ನಿದ್ದೆಗೆ ಜಾರಿತ್ತು. ವಾಲಗ ನಿಂತಿತ್ತು. ಅವಳು ಒಮ್ಮೆ ಕಣ್ಣೆತ್ತಿದಾಗ ವಾಲಗದವರು ಊದಿದರು. ಅವಳು ನೆಲ ನೋಡಿದಾಗ ಮತ್ತೆ ನಿಲ್ಲಿಸಿದರು.

ಕುಬೇರ ಹಳೆಯ ನಿಯಮಗಳನ್ನೆಲ್ಲ ತೆರೆದು ಓದಿದ. ಎಂದೋ ಯಾರೋ ಒಬ್ಬ ಶಿಷ್ಯೆ ಬರೆದ ನಿಯಮ ಸಿಕ್ಕಿತು. ಮದುಮಗಳು ಸೋದರಮಾವನ ಕೈ ಹಿಡಿದೇ ಹಸೆಮಣೆಗೆ ಬರಬೇಕು.

ಸುಗುಣಳ ತಾಯಿಗೆ ಅಣ್ಣತಮ್ಮಂದಿರು ಇರಲಿಲ್ಲ.

"ತಿಪ್ಪಮ್ಮನ ಮದುವೇಲಿ ಯಾರು ಕರ್ಕೊಂಡು ಬಂದಿದ್ದು?" ಎಂದು ವೇದಾವತಿ ಕೇಳಿದಳು.

"ಕೆಂಚಮ್ಮನ ತಮ್ಮ. ಅವನು ನನ್ನ ನಿಯಮಕ್ಕಿಂತ ಮೊದಲೇ ಹುಟ್ಟಿದ್ದ."

"ಉಳಿದ ಮನೆಗಳ ಹುಡುಗಿಯರು?"

"ಅವರ ಮದುವೆಗಳನ್ನು ಯಾರೂ ನೋಡ್ತಿರಲಿಲ್ಲ. ಹಸೆ, ಶಾಸ್ತ್ರ ಏನೂ ಇಲ್ಲದೆ ನಿದ್ದೇಲೇ ಮುಗಿದುಹೋದವು."

ವೇದಾವತಿ ನಕ್ಕುಬಿಟ್ಟಳು. "ಜನ ಕಡಿಮೆ ಮಾಡು ಅಂದ್ರೆ ಸೋದರಮಾವಂದಿರನ್ನೇ ತೆಗೆದುಬಿಟ್ಯಲ್ಲೋ ಮಹರಾಯ! ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ, ಒಬ್ಬರನ್ನಾದರೂ ಉಳಿಸಿದ್ದೀಯಾ?"

ಕುಬೇರ ಅಜ್ಜಯ್ಯನ ಬಳಿಗೆ ಓಡಿದ.

ಅಜ್ಜಯ್ಯ ಹೊಳೆಯ ಮೆಟ್ಟಿಲ ಮೇಲೆ ಪಂಚೆ ಒಣಹಾಕುತ್ತಿದ್ದರು.

"ಅಜ್ಜಯ್ಯ, ಸೋದರಮಾವನ ನಿಯಮ ಅಳಿಸ್ಲಾ?"

"ನೀನು ಬರೆದಿದ್ದಾ?"

"ಅಲ್ಲ."

ಅಜ್ಜಯ್ಯ ಪಂಚೆಯ ಇನ್ನೊಂದು ತುದಿ ಹಿಡಿದು ಕೊಡವಿದರು.

"ಹಾಗಾದ್ರೆ ಒಬ್ಬ ಸೋದರಮಾವನನ್ನು ಬಸ್ಸಲ್ಲಿ ತರಿಸ್ತೀನಿ," ಎಂದ ಕುಬೇರ.

"ತರಿಸು."

ಸಂಜೆಯ ಬಸ್ಸಿನಿಂದ ಒಬ್ಬ ಗಂಡಸು ಇಳಿದ. ಜರಿ ಪೇಟ, ಬಿಳಿ ಅಂಗಿ. ತಿಪ್ಪಮ್ಮನ ತಮ್ಮ ಎಂದು ಕುಬೇರನೇ ಅವನ ಹೆಸರಿನ ಮುಂದೆ ಬರೆದಿದ್ದ. ಅವನು ನೆಟ್ಟಗೆ ಹೊಸಿಲಿಗೆ ಬಂದು ಕೈ ಚಾಚಿದ.

ಸುಗುಣ ಅವನ ಮುಖ ನೋಡಿದಳು. ಕೈ ಕೊಡಲಿಲ್ಲ. ತಲೆ ತಗ್ಗಿಸಿದಳು. ಅವನು ಕೈ ಚಾಚಿದಂತೆಯೇ ನಿದ್ದೆಹೋದ.

ಕುಬೇರ ಮತ್ತೆ ಹೊಳೆಯ ಮೆಟ್ಟಿಲಿಗೆ ಓಡಿದ.

"ಯಾಕೆ ಅಜ್ಜಯ್ಯ? ಸಂಬಂಧ ಸರಿಯಾಗಿಯೇ ಬರೆದಿದ್ದೀನಿ."

"ಇವತ್ತು ಸಾಯಂಕಾಲ ಬಸ್ಸಿಳಿದು ಬಂದವನು ನಾನೇ ನಿನ್ನ ಮಾವ ಅಂದ್ರೆ, ನೀನು ಕೈ ಕೊಡ್ತೀಯಾ?"

ಕುಬೇರ ಇಲ್ಲವೆಂದು ತಲೆ ಅಲ್ಲಾಡಿಸಿದ.

"ಸ್ವಂತ ಸೋದರಮಾವ ಇಲ್ಲದ ಹುಡುಗಿಯರು ಲೋಕದಲ್ಲಿ ಎಷ್ಟು ಜನ ಇಲ್ಲ," ಎಂದರು ಅಜ್ಜಯ್ಯ. "ಅವರೆಲ್ಲ ಹಸೆ ಏರಿಲ್ವಾ? ಆ ನಿಯಮ ಕೊನೇವರೆಗೂ ಓದು."

ಕುಬೇರ ಹಿಂತಿರುಗಿ ಓದಿದ. ಸೋದರಮಾವ ಇಲ್ಲದಿದ್ದರೆ, ಮದುಮಗಳ ತಾಯಿಯನ್ನು ಅಕ್ಕ ಎಂದು ಕರೆಯುವ ಯಾರಾದರೂ ಆಗಬಹುದು.

ಹುಡುಕಿದ. ಚಪ್ಪರದಲ್ಲಿ ಇಡೀ ಊರೇ ಇತ್ತು. ತಿಪ್ಪಮ್ಮನನ್ನು ಅಕ್ಕ ಎನ್ನುವವರು ಒಬ್ಬರೂ ಇರಲಿಲ್ಲ.

ಅವರು ಅವಳನ್ನು ಸಾವಿರ ಸಲ ನೋಡಿದ್ದರು. ಸಾವಿರ ಸಲ ನಕ್ಕಿದ್ದರು. ಪ್ರತಿ ಸಲವೂ ಮರೆತಿದ್ದರು.

ಅಷ್ಟರಲ್ಲಿ ಊರಿನಲ್ಲಿ ಎರಡು ಮಳೆಗಾಲ ಕಳೆದಿದ್ದವು. ಮದುವೆ ಮುಗಿಯುವವರೆಗೆ ಯಾರೂ ತಮ್ಮ ಕೆಲಸಕ್ಕೆ ಮರಳುವಂತಿರಲಿಲ್ಲ. ಹೊಲ ಬೀಳುಬಿದ್ದಿತ್ತು. ಶಾಲೆ ಮುಚ್ಚಿತ್ತು. ಮಕ್ಕಳು ಹುಟ್ಟುತ್ತಿರಲಿಲ್ಲ. ಮುದುಕರು ಕೂತ ಚಾಪೆಯ ಮೇಲೆಯೇ ಸತ್ತುಹೋಗುತ್ತಿದ್ದರು. ಪಕ್ಕದಲ್ಲಿ ಕೂತವರಿಗೆ ಅದು ಗೊತ್ತಾಗುತ್ತಿರಲಿಲ್ಲ.

ಸುಗುಣಳ ಕಿವಿಯ ಹತ್ತಿರ ಒಂದು ಬಿಳಿಯ ಕೂದಲು ಕಾಣಿಸಿತು.

"ಅಜ್ಜಯ್ಯ, ಊರು ಸಾಯ್ತಾ ಇದೆ."

"ಹೌದು."

"ಏನಾದರೂ ಹೇಳಿ."

ಅಜ್ಜಯ್ಯ ಎದ್ದು ಮಲಗಲು ಹೋದರು.

ಮರುದಿನ ಬೆಳಿಗ್ಗೆ ಕುಬೇರ ನಮಸ್ಕಾರ ಮಾಡಿದ. ಅಜ್ಜಯ್ಯ ಅವನ ಕಡೆ ನೋಡಲಿಲ್ಲ. ಮಾತಾಡಿಸಿದ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವರು ತಲೆಯೆತ್ತಿ ನಕ್ಕರು. "ಏನಪ್ಪಾ ಕುಬೇರ, ಚೆನ್ನಾಗಿದ್ದೀಯಾ? ಒಂದು ತಂಬಿಗೆ ನೀರು ಕೊಡು."

ಅವನು ನೀರು ತಂದುಕೊಟ್ಟು, "ಅಜ್ಜಯ್ಯ, ಆ ಊರಿನ ವಿಚಾರ..." ಎಂದ.

ಅವರು ನೀರು ಕುಡಿದು ಮುಖ ತಿರುಗಿಸಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ವೇದಾವತಿ ಎಲ್ಲರಿಗೂ ಬಡಿಸಿದಳು. ಕುಬೇರನ ತಟ್ಟೆಯ ಹತ್ತಿರ ಬಂದಾಗ ಸೌಟನ್ನು ಹಾಗೇ ದಾಟಿಸಿ ಮುಂದೆ ಹೋದಳು.

"ಏಯ್, ನಾನಿಲ್ವಾ ಇಲ್ಲಿ?"

"ಯಾರೋ ಮಾತಾಡಿದ ಹಾಗಾಯ್ತು," ಎಂದಳು ಅವಳು, ಪಕ್ಕದ ಗೋಡೆಗೆ.

ಕುಬೇರ ಖಾಲಿ ತಟ್ಟೆ ಹಿಡಿದುಕೊಂಡು ಅಜ್ಜಯ್ಯನ ಎದುರಿಗೆ ಬಂದು ನಿಂತ.

"ಬೆಳಿಗ್ಗೆಯಿಂದ ಇಲ್ಲೇ ಇದ್ದೀನಿ ಅಜ್ಜಯ್ಯ."

ಅಜ್ಜಯ್ಯ ಅವನನ್ನು ನೋಡಿದರು.

"ನನಗೆ ನೀರು ಬೇಕಾದಾಗ ಇದ್ದೆ. ಅದು ಗೊತ್ತು. ಉಳಿದ ಹೊತ್ತು ಎಲ್ಲಿದ್ದೆ?"

ಕುಬೇರ ತಟ್ಟೆಯನ್ನು ಅಲ್ಲೇ ಇಟ್ಟು ಕಂಪ್ಯೂಟರಿನ ಕಡೆಗೆ ನಡೆದ.

ನಿದ್ದೆಯ ನಿಯಮದ ಮೇಲೆ ಬೆರಳಿಟ್ಟ. ಆಮೇಲೆ ಬಾಗಿಲಲ್ಲಿ ಬಂದು ನಿಂತಿದ್ದ ಅಜ್ಜಯ್ಯನ ಕಡೆ ತಿರುಗಿದ.

"ಎಲ್ಲರೂ ಎದ್ದರೆ ಕಂಪ್ಯೂಟರ್ ತಡೆಯಲ್ಲ ಅಜ್ಜಯ್ಯ. ನಿಂತುಬಿಡುತ್ತೆ."

"ನಿಲ್ಲಲ್ಲ. ನಿಧಾನ ಆಗುತ್ತೆ."

"ಎಷ್ಟು ನಿಧಾನ?"

"ಅಲ್ಲಿ ಒಂದು ದಿನ ಆಗೋಕೆ ಇಲ್ಲೂ ಒಂದು ದಿನ ಬೇಕಾಗುತ್ತೆ."

ಕುಬೇರ ಮೂಲೆಯಲ್ಲಿದ್ದ ತನ್ನ ಚೀಲವನ್ನು ನೋಡಿದ. ಅವನು ಕಟ್ಟಬೇಕೆಂದಿದ್ದ ಆಟದ ಪೂರ್ತಿ ನಕ್ಷೆ ಅವನ ತಲೆಯಲ್ಲಿತ್ತು. ವರ್ಷಗಳಿಂದ ಇತ್ತು.

"ಹಾಗಾದ್ರೆ ನಾನು ಹೊರಡೋದು ಯಾವಾಗ?"

"ಅದು ನನ್ನ ಕೇಳಿದರೆ? ನಿಂತಿರೋದು ಆ ಹುಡುಗಿ."

ಕುಬೇರ ನಿದ್ದೆಯ ನಿಯಮ ಅಳಿಸಿದ. ಒಂದೇ ಮಗುವಿನ ನಿಯಮ ಅಳಿಸಿದ. ಬಸ್ಸಿನ ನಿಯಮವನ್ನೂ ಅಳಿಸಿದ.

ಕಂಪ್ಯೂಟರ್ ಹೂಂಕರಿಸಿತು. ಕೋಣೆ ಬಿಸಿಯಾಯಿತು. ಪರದೆಯ ಮೇಲೆ ಚಪ್ಪರಕ್ಕೆ ಚಪ್ಪರವೇ ಎಚ್ಚರಾಯಿತು.

ಮೊದಲು ಗದ್ದಲ. ಯಾರೋ ಚಪ್ಪಲಿ ಕಳೆದಿದೆ ಎಂದು ಕೂಗಿದರು. ಇಬ್ಬರು ಹೆಂಗಸರು ಕೂತ ಜಾಗಕ್ಕೆ ಜಗಳ ತೆಗೆದರು. ಒಬ್ಬ ಪಕ್ಕದ ಮುದುಕನನ್ನು ಅಲುಗಾಡಿಸಿ, ಅವನು ಸತ್ತಿದ್ದಾನೆಂದು ತಿಳಿದು, ಬಾಯಿಬಡಿದುಕೊಂಡು ಅತ್ತ. ಹಾಗೆ ಒಬ್ಬರಾದ ಮೇಲೊಬ್ಬರು ತಮ್ಮ ಪಕ್ಕದಲ್ಲಿ ನೋಡಿಕೊಂಡರು. ಎತ್ತಬೇಕಾದವರನ್ನು ಎತ್ತಿದರು. ಮಣ್ಣು ಮಾಡಿ ಬಂದು, ಮಿಂದು, ಮತ್ತೆ ಚಪ್ಪರದಲ್ಲಿ ಕೂತರು.

ಕೆಂಚಮ್ಮನ ಮನೆಯವರನ್ನೂ ಕುಬೇರ ಆಡಿಸಲಿಲ್ಲ. ಕೈಕಟ್ಟಿ ಕೂತು ನೋಡಿದ.

ದಿನಗಳು ಹೋದವು. ಆಶ್ರಮದ ಮುಂದೆ ಹೊಳೆಯ ನೀರು ಇಳಿದು, ಮಧ್ಯದ ಬಂಡೆಗಳು ಮೇಲೆ ಬಂದವು.

ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಚಪ್ಪರದ ಅಂಚಿನಲ್ಲಿ ಕೂರುತ್ತಿದ್ದ. ಎಂದೋ ಬಸ್ಸಿನಲ್ಲಿ ಬಂದಿಳಿದವನು. ಲೆಕ್ಕ ತುಂಬಲು ತರಿಸಿದ್ದು. ಕುಬೇರನಿಗೆ ಅವನ ಹೆಸರು ನೆನಪಿರಲಿಲ್ಲ. ಅವನು ಸುಗುಣಳಿಗೆ ದಿನವೂ ಕುಡಿಯಲು ನೀರು ತಂದುಕೊಡುತ್ತಿದ್ದ.

"ಇನ್ನೂ ನಿಂತಿದ್ದೀಯಲ್ಲೇ. ಕಾಲಿಗೆ ಬೇರು ಬಿಟ್ಟೀತು ನೋಡು," ಎನ್ನುತ್ತಿದ್ದ.

ಮೊದಲ ದಿನ ಅವಳು ಮಾತಾಡಲಿಲ್ಲ. ಎಷ್ಟೋ ದಿನದ ಮೇಲೆ, "ಬಿಟ್ಟರೆ ನಿನ್ನ ತಂಬಿಗೆ ನೀರೇ ಕಾರಣ," ಎಂದಳು.

ಒಂದು ಮಧ್ಯಾಹ್ನ ಬಿಸಿಲು ಚಪ್ಪರದ ಅಂಚಿಗೆ ಹೊರಳಿತು. ತಿಪ್ಪಮ್ಮ ಬಾಗಿಲಿಂದ ಕೂಗಿದಳು.

"ಅಲ್ಲೇನು ಸುಡ್ಕೊಂಡು ಕೂತಿದ್ದೀಯೋ? ನೆರಳಿಗೆ ಬಾ."

"ಬಂದೆ ಅಕ್ಕ," ಎಂದ ಅವನು.

ಕುಬೇರ ಎದ್ದು ನಿಂತ.

"ಅಜ್ಜಯ್ಯ! ಅಕ್ಕ ಅಂದ!"

"ಕೂಗಬೇಡ. ಹುಡುಗಿ ಬೆಚ್ಚಿಬಿದ್ದಾಳು," ಎಂದರು ಅಜ್ಜಯ್ಯ. ಅವರು ಯಾವಾಗ ಬಂದು ಹಿಂದೆ ಕೂತಿದ್ದರೋ ಅವನಿಗೆ ತಿಳಿದಿರಲಿಲ್ಲ.

ಟವೆಲ್ ಹಾಕಿಕೊಂಡವನು ನೆರಳಿಗೆ ಬಂದ. ಹೊಸಿಲ ಹತ್ತಿರ ನಿಂತು ಚಪ್ಪರವನ್ನು ನೋಡಿದ. ಹಸೆಮಣೆಯ ಮೇಲೆ ಕೂತು ಕೂತು ಬಡವಾದ ಮದುಮಗನನ್ನು ನೋಡಿದ. ಆಮೇಲೆ ಟವೆಲಿನಿಂದ ಕೈ ಒರೆಸಿಕೊಂಡು ಸುಗುಣಳ ಮುಂದೆ ಚಾಚಿದ.

"ನಡಿಯೇ. ಸಾಕು ನಿಂತಿದ್ದು."

ಅವಳು ಅವನ ಮುಖ ನೋಡಿದಳು. ಕೈ ಹಿಡಿದಳು.

ಹೊಸಿಲಿನಿಂದ ಹಸೆಮಣೆಗೆ ಅವಳು ನಡೆದು ಬರುವುದನ್ನು ಕುಬೇರ ಕಣ್ಣು ಮಿಟುಕಿಸದೆ ನೋಡಿದ. ವಾಲಗದವರು ಊದಿದರು. ಅವಳು ತಲೆ ತಗ್ಗಿಸಿಯೇ ಇದ್ದಳು, ಆದರೂ ಊದುತ್ತಿದ್ದರು. ತಾಳಿ ಕಟ್ಟಿದಾಗ ಚಪ್ಪರದ ಎಲ್ಲ ಮೂಲೆಗಳಿಂದ ಅಕ್ಷತೆ ಬಿತ್ತು.

ವೇದಾವತಿ ಸೆರಗಿನಿಂದ ಬೆವರು ಒರೆಸಿಕೊಂಡಳು. "ಅಬ್ಬಾ. ನಂದೇ ಮದುವೆ ಆದ ಹಾಗಾಯ್ತು."

ಕುಬೇರ ಮೂಲೆಗೆ ಹೋಗಿ ಚೀಲ ಎತ್ತಿಕೊಂಡ. ಅಜ್ಜಯ್ಯನ ಕಾಲು ಮುಟ್ಟಿ ನಮಸ್ಕರಿಸಿದ.

"ಅಜ್ಜಯ್ಯ, ಮೊಮ್ಮಗಳ ಮದುವೆ ಆಯ್ತು. ನನ್ನ ಕೆಲಸ ಮುಗಿಯಿತು. ಅಪ್ಪಣೆ ಕೊಡಿ."

ಅಜ್ಜಯ್ಯ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಕೂತ್ಕೋ," ಎಂದರು. "ಅಲ್ಲಿ ಈಗ ತಾನೇ ಎಲೆ ಹಾಕ್ತಿದ್ದಾರೆ. ಎಲ್ಲರೂ ಉಂಡು ಏಳಲಿ."