ಮಗುಚಿದ ಚಲ್ಲಣ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಬುಧವಾರ. ಆರನೇ ಕ್ಲಾಸಿನ ಗಂಟೆ ಹೊಡೆಯುವಾಗ ನಾನು ಹಂಚಿನ ಲಾರಿಯ ಮೇಲೆ ಕೂತಿದ್ದೆ. ಆಮೇಲೆ ಊರೂರು ಹೊತ್ತು ತಿರುಗಿದ ಒಂದು ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷ ಕಳೆದ ಮೇಲೆ ತೋಪಿನಯ್ಯನವರ ಮುಂದೆ ಇಟ್ಟೆ.

“ಅಯ್ಯಾ, ನಂಬಿ ಜೊತೆಗೆ ನಿಲ್ಲಬಹುದಾದ ಮನುಷ್ಯನನ್ನು ಗುರುತು ಹಿಡಿಯುವುದು ಹೇಗೆ?”

ಊರಾಚೆಯ ಮಾವಿನ ತೋಪಿನಲ್ಲಿ ಇರುತ್ತಿದ್ದುದರಿಂದ ಜನ ಅವರನ್ನು ಹಾಗೆ ಕರೆಯುತ್ತಿದ್ದರು. ನಾನು ಅವರ ಬಳಿ ಸೇರಿ ಮೂರು ತಿಂಗಳಾಗಿತ್ತು.

“ಇಷ್ಟು ದಿನ ಹೇಗೆ ಗುರುತು ಹಿಡಿದೆ?” ಎಂದು ಅವರು ಕೇಳಿದರು.

ಹೇಳಿದೆ. ಬಾವಿ ತೋಡುವ ಹಾಲಪ್ಪನನ್ನು ದೇವರೆಂದುಕೊಂಡಿದ್ದೆ. ಒಂದು ದಿನ ಕುಡಿದು ಬಂದ, ಬಿಟ್ಟೆ. ಉಪ್ಪಿನ ಗದ್ದೆಯ ಮೇಸ್ತ್ರಿ ತಿರುಕಣ್ಣ ಎರಡು ವರ್ಷ ಒಂದು ಸುಳ್ಳೂ ಹೇಳಲಿಲ್ಲ. ಹೇಳಿದ ದಿನ ಅವನನ್ನೂ ಬಿಟ್ಟೆ. ಇನ್ನೂ ಐದಾರು ಜನ. ಒಬ್ಬೊಬ್ಬರನ್ನೂ ಕೇಳಬೇಕಾದ್ದು ಕೇಳಿ, ನೋಡಬೇಕಾದ್ದು ನೋಡಿಯೇ ಸೇರಿದ್ದೆ. ಅಯ್ಯನವರೂ ಹಿಂದಿನ ದಿನ, ಮೊಸರು ಹುಳಿಯಾಯಿತೆಂದು ಮೊಸರಿನ ಹೆಂಗಸನ್ನು ಬಾಯಿಗೆ ಬಂದಂತೆ ಬೈದಿದ್ದರು. ಅದೊಂದನ್ನು ಹೇಳಲಿಲ್ಲ.

“ಮೊಸರಿನ ವಿಷಯ ಬಿಟ್ಟೆಯಲ್ಲಪ್ಪಾ,” ಎಂದರು ಅಯ್ಯ. “ಇರಲಿ, ಕೂತುಕೋ.”

ನಾನು ಕೂತೆ. ಅವರು ಈ ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಒಬ್ಬ ಮೀನುಗಾರನಿದ್ದ. ಮಳೆಗಾಲದಲ್ಲಿ ಆ ಹೊಳೆ ಯಾರನ್ನೂ ಇಳಿಸಿಕೊಳ್ಳುತ್ತಿರಲಿಲ್ಲ. ಬಿರುಬೇಸಿಗೆಯಲ್ಲಿ ಮೀನು ಮಡುವಿನ ತಳ ಸೇರುತ್ತಿತ್ತು. ಅವನ ದುಡಿಮೆ ಎರಡೇ ಕಾಲದ್ದು: ಮಳೆ ಹಿಂದೆಗೆದ ಮೇಲಿನ ಕಾರ್ತಿಕ, ಬಿಸಿಲು ಏರುವ ಮೊದಲಿನ ಫಾಲ್ಗುಣ. ಎರಡರಲ್ಲೂ ಬೆಳಗಿನ ನೀರು ಕೊರೆಯುತ್ತಿತ್ತು. ಆ ನೀರಿನಲ್ಲಿ ಸೊಂಟಮಟ್ಟ ನಿಂತು ಬಲೆ ಹಿಡಿಯಬೇಕು. ಅದಕ್ಕಾಗಿ ಅಲ್ಲಿಯವರು ರಬ್ಬರ್ ಚಲ್ಲಣ ತೊಡುತ್ತಿದ್ದರು. ರಬ್ಬರ್ ಬಳಿದ ದಪ್ಪ ಬಟ್ಟೆ. ಪಾದದಿಂದ ಎದೆಯವರೆಗೆ ಒಂದೇ ಉಡುಪು. ಹೆಗಲಿಗೆ ಎರಡು ಪಟ್ಟಿ.

ಮೀನುಗಾರನ ಚಲ್ಲಣ ಹರಿದಿತ್ತು. ಹಿಂದಿನ ಫಾಲ್ಗುಣದಲ್ಲಿ ಒಳಗೆ ನೀರು ಸೇರಿ ಅವನ ಎರಡೂ ಮಂಡಿ ಹಿಡಿದುಕೊಂಡಿದ್ದವು. ವೈದ್ಯ ಹೇಳಿದ್ದ: “ಈ ಮಂಡಿಗೆ ಇನ್ನು ಚಳಿ ತಗುಲಬಾರದು. ತಗುಲಿತೋ, ಹೊಳೆಯ ಆಸೆ ಬಿಡು.” ಅವನಿಗೆ ಬೇರೆ ಕಸುಬು ಬಾರದು.

ಚಲ್ಲಣ ಕೊಳ್ಳುವುದಕ್ಕೆ ಆ ದಂಡೆಯಲ್ಲಿ ಒಂದು ಕ್ರಮವಿತ್ತು. ವ್ಯಾಪಾರಿಯ ಅಂಗಡಿಯ ಮುಂದೆ ಹುಣಸೆ ಮರ. ಅದರ ಕೊಂಬೆಗೆ ಚಲ್ಲಣ ತೂಗುಹಾಕಿ, ಎದೆಯವರೆಗೆ ನೀರು ತುಂಬಿಸಿ, ಕೆಳಗೆ ಒಣ ಬೂದಿ ಹರಡುತ್ತಿದ್ದರು. ಮೂರು ಸಲ ಎಲೆ ಅಡಿಕೆ ಹಾಕಿ ಮುಗಿಸುವವರೆಗೆ ಕೂತು ಕಾಯುತ್ತಿದ್ದರು. ಬೂದಿಯ ಮೇಲೆ ಹನಿ ಬೀಳದಿದ್ದರೆ ಚಲ್ಲಣ ಒಳ್ಳೆಯದು. ತಂದೆಯೂ ಹೀಗೇ ಕೊಂಡಿದ್ದ, ಮಗನೂ ಹೀಗೇ ಕೊಂಡ. ಮೀನುಗಾರ ಮೂರಲ್ಲ, ಐದು ಸಲ ಎಲೆ ಹಾಕಿದ. ಬೂದಿ ಬೂದಿಯಾಗಿಯೇ ಇತ್ತು.

ಮರುದಿನ ಹೊಳೆಗೆ ಇಳಿದ. ಬಲೆ ಎರಡು ಸಲ ಎತ್ತುವುದರೊಳಗೆ ಹಿಮ್ಮಡಿ ಒದ್ದೆಯಾಯಿತು. ಹೆದರಿ ಮೇಲೆ ಹತ್ತಿದ, ನೇರ ಅಂಗಡಿಗೆ ಹೋದ.

ವ್ಯಾಪಾರಿ ಜಗಳಕ್ಕೆ ಬರಲಿಲ್ಲ. ಅದೇ ಚಲ್ಲಣವನ್ನು ಅದೇ ಕೊಂಬೆಗೆ ಹಾಕಿ ನೀರು ತುಂಬಿಸಿದ. ಒಂದು ಹನಿಯೂ ಬೀಳಲಿಲ್ಲ. ನೆರೆದವರಲ್ಲಿ ಒಬ್ಬ ಹೇಳಿದ: “ಮಾವ, ಹೊಳೆಯಲ್ಲಿ ಮೊಸಳೆ ಕಂಡಿತ್ತೇನು? ನೀರು ಹೊರಗಿಂದ ಬಂದದ್ದಲ್ಲ ಬಿಡು.” ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. ಆದರೂ ಅದನ್ನು ಇಟ್ಟುಕೊಂಡು, ಅದಕ್ಕಿಂತ ದಪ್ಪನೆಯ ಪಟ್ಟಣದ ಮಾಲು ಕೊಟ್ಟ. ಅದನ್ನೂ ತೂಗುಹಾಕಿದರು. ಅದೂ ಸೋರಲಿಲ್ಲ. ಹೊಳೆಯಲ್ಲಿ ಅದೂ ಸೋರಿತು. ಈ ಸಲ ಮೀನುಗಾರ ತಡೆದುಕೊಂಡು ನಿಂತ, ಬಲೆಯಲ್ಲಿ ಮೀನಿತ್ತು. ಮನೆ ಸೇರುವಾಗ ಎಡಮಂಡಿ ಊದಿಕೊಂಡಿತ್ತು.

ಹೆಂಡತಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಳು. “ಆ ಮರದ ಕೆಳಗೆ ಇನ್ನು ಕೂರಬೇಡ,” ಎಂದಳು. “ಮೇಲ್ದಂಡೆಯಲ್ಲಿ ಒಬ್ಬಳು ಹೊಲಿಯುತ್ತಾಳಂತೆ, ಹೋಗಿ ನೋಡು.”

“ಅವಳ ಚಲ್ಲಣದ ಮೈತುಂಬ ತೇಪೆಯಂತೆ. ಜನ ನಗುತ್ತಾರೆ.”

“ಈಗ ಜನ ಅಳುತ್ತಿದ್ದಾರೇನು?”

ಅವನು ಕುಂಟುತ್ತ ಹೋದ. ಸೋರುವ ಚಲ್ಲಣವೂ ಹೆಗಲ ಮೇಲಿತ್ತು. ಹೊಲಿಯುವವಳು ಮಾತು ಕಡಿಮೆಯ ಹೆಂಗಸು. ಅವನ ಮಂಡಿ ನೋಡಿದಳು, ಅಳತೆ ನೋಡಿದಳು, ಒಂದು ಹೊಸ ಚಲ್ಲಣ ತೆಗೆದಳು. ಅದರ ಒಳಗೆ ಕೈಹಾಕಿ ಪಾದದ ತುದಿ ಹಿಡಿದು ಎಳೆದಳು. ಒಳಮೈ ಹೊರಗೆ ಬಂತು. ಹಾಗೆ ಮಗುಚಿಕೊಂಡೇ ಗೂಟಕ್ಕೆ ತೂಗುಹಾಕಿ ನೀರು ತುಂಬಿಸಿದಳು.

“ಅಕ್ಕಾ, ತಿರುಗುಮುರುಗು ಹಾಕಿದೆ,” ಎಂದ ಮೀನುಗಾರ.

“ಅಣ್ಣಾ, ನೀನು ಹೊಳೆಯೊಳಗೆ ನಿಲ್ಲುತ್ತೀಯೋ, ಹೊಳೆ ನಿನ್ನ ಚಲ್ಲಣದೊಳಗೆ ನಿಲ್ಲುತ್ತದೋ?”

ಅವಳು ಹೊಲಿಗೆ ತೋರಿಸಿದಳು. ಹೊಲಿದ ಕಡೆಯೆಲ್ಲ ಸೂಜಿಯ ತೂತು ಇರುತ್ತದೆ. ಅದನ್ನು ಮುಚ್ಚಲು ಒಳಗಡೆಯಿಂದ ರಬ್ಬರ್ ಪಟ್ಟಿ ಅಂಟಿಸುತ್ತಾರೆ. ಅಂಗಡಿಯವನು ಒಳಗೆ ನೀರು ತುಂಬಿಸಿದರೆ ಆ ನೀರು ಪಟ್ಟಿಯನ್ನು ಹೊಲಿಗೆಗೆ ಒತ್ತಿ ಹಿಡಿಯುತ್ತದೆ. ಅಂಟು ಕೆಟ್ಟಿದ್ದರೂ ಹನಿ ಬೀಳುವುದಿಲ್ಲ. ಹೊಳೆಯ ನೀರು ಹೊರಗಿಂದ ಬರುತ್ತದೆ. ತೂತಿನಲ್ಲಿ ನುಗ್ಗಿ ಪಟ್ಟಿಯನ್ನು ಒಳಕ್ಕೆ ನೂಕುತ್ತದೆ, ಎಬ್ಬಿಸುತ್ತದೆ.

ಅವನು ತಂದಿದ್ದ ಚಲ್ಲಣವನ್ನೂ ಮಗುಚಿ ತುಂಬಿಸಿದಳು. ಹೊಲಿಗೆಯುದ್ದಕ್ಕೂ ಹನಿ ಸಾಲಾಗಿ ಮೂಡಿತು.

“ಹಾಗಾದರೆ ಆ ವ್ಯಾಪಾರಿ ಕಳ್ಳ,” ಎಂದ ಮೀನುಗಾರ.

“ಅವನೇನು ಕಳ್ಳನಲ್ಲ. ನೀವು ಹೇಗೆ ನೋಡಿ ಕೊಳ್ಳುತ್ತೀರೋ ಹಾಗೆ ತೋರಿಸಿ ಮಾರುತ್ತಾನೆ.”

ಅಷ್ಟರಲ್ಲಿ ಅವಳ ಹೊಸ ಚಲ್ಲಣದ ಮಂಡಿಯ ಹಿಂದೆ ಒಂದು ಹನಿ ಕಂಡಿತು. ಮೀನುಗಾರ ಎದ್ದೇ ನಿಂತ. “ನಿನ್ನದೂ ಸೋರಿತಲ್ಲ ಅಕ್ಕಾ!”

“ಸೋರಿತು,” ಎಂದಳು. “ಎಲ್ಲಿ ಅಂತ ಗೊತ್ತಾಯಿತು.”

ಸೀಮೆಸುಣ್ಣ ತೆಗೆದು ಆ ಹನಿಯ ಸುತ್ತ ಒಂದು ಗುಂಡು ಗೀಟು ಹಾಕಿದಳು. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ಕಳೆದುಹೋದ ಕರು ಸಿಕ್ಕಿದವಳ ಹಾಗಿದ್ದಳು. ನೀರು ಚೆಲ್ಲಿ, ಒಣಗಿಸಿ, ಗುರುತಿದ್ದ ಕಡೆ ಉಜ್ಜಿ ಅಂಟು ಹಚ್ಚಿ ತೇಪೆ ಹಾಕಿದಳು. ಮೀನುಗಾರ ಕೊಡು ಎಂದ. ಕೊಡಲಿಲ್ಲ.

“ಹೊಲಿಗೆ ಬಿಡುವುದು ನಿಂತಾಗ ಅಲ್ಲ, ಬಗ್ಗಿದಾಗ. ಮೂರು ದಿನ ಬಿಟ್ಟು ಬಾ.”

ಆ ಮೂರು ದಿನವೂ ಅವಳೇ ಅದನ್ನು ತೊಟ್ಟಳು. ಅದನ್ನು ತೊಟ್ಟೇ ಕಸ ಗುಡಿಸಿದಳು, ಕೂತು ಎದ್ದಳು, ಹೊಳೆಯಂಚಿನ ಜಲ್ಲಿಯ ಮೇಲೆ ಮಂಡಿಯೂರಿ ಪಾತ್ರೆ ಬೆಳಗಿದಳು. ಹಾದಿಹೋಕರು ನೋಡಿ ನಕ್ಕರು. ಪ್ರತಿದಿನ ಸಂಜೆ ಮಗುಚಿ ತುಂಬಿಸಿದಳು. ಮೊದಲ ಸಂಜೆ ಎರಡು ಗೀಟು. ಎರಡನೆಯ ಸಂಜೆ ಒಂದು. ಮೂರನೆಯ ಸಂಜೆ ಸೀಮೆಸುಣ್ಣ ಕೈಯಲ್ಲಿ ಹಿಡಿದು ಕತ್ತಲಾಗುವವರೆಗೆ ಕಾದಳು. ಗೀಟು ಹಾಕುವ ಜಾಗ ಸಿಗಲಿಲ್ಲ.

ನಾಲ್ಕನೆಯ ಬೆಳಗ್ಗೆ ಮೀನುಗಾರ ಅದನ್ನು ತೊಟ್ಟು ಹೊಳೆಗೆ ಇಳಿದ. ಹೆಂಡತಿ ದಂಡೆಯ ಮೇಲೆ ನಿಂತಿದ್ದಳು. ನೀರು ಬಂದರೆ ಅಂದೇ ಬಲೆ ಮಾರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಬಿಸಿಲು ನೆತ್ತಿಗೆ ಬಂದಾಗ ಅವನು ಮೇಲೆ ಹತ್ತಿದ. ಚಲ್ಲಣ ಕಳಚಿ ಮಂಡಿ ಮುಟ್ಟಿಕೊಂಡ. ಹೆಂಡತಿಯೂ ಮುಟ್ಟಿ ನೋಡಿದಳು. ಮಂಡಿ ಒಣಗಿಯೇ ಇತ್ತು, ಬೆಚ್ಚಗಿತ್ತು. “ಬಲೆ ಒಣಹಾಕು,” ಎಂದಳು, ಅಷ್ಟೆ.

ಅದೇ ಚಲ್ಲಣದಲ್ಲಿ ಅವನು ಹನ್ನೊಂದು ವರ್ಷ ಹೊಳೆಗೆ ಇಳಿದ. ಪ್ರತಿ ಕಾರ್ತಿಕಕ್ಕೂ ಪ್ರತಿ ಫಾಲ್ಗುಣಕ್ಕೂ ಮೊದಲು ಅದನ್ನು ಹೆಗಲಿಗೆ ಹಾಕಿಕೊಂಡು ಮೇಲ್ದಂಡೆಗೆ ಹೋಗುತ್ತಿದ್ದ. ಇಬ್ಬರೂ ಸೇರಿ ಮಗುಚುತ್ತಿದ್ದರು.

ಅಯ್ಯ ಕತೆ ನಿಲ್ಲಿಸಿದರು.

ನನಗೆ ಆ ಹೆಂಗಸಿನ ಮೇಲೆ ಬಹಳ ಗೌರವ ಬಂತು. ಅಂಥವಳನ್ನು ಕಣ್ಣಾರೆ ಕಂಡ ಹಾಗಾಯಿತು. ಅದರ ಜೊತೆಗೇ ಮೊಸರಿನ ಬೈಗುಳವೂ ನೆನಪಾಯಿತು.

“ತಿಳಿಯಿತು ಅಯ್ಯಾ,” ಎಂದೆ. “ನಾನು ಇದುವರೆಗೆ ಎಲ್ಲರನ್ನೂ ಹುಣಸೆ ಮರಕ್ಕೇ ತೂಗುಹಾಕಿ ನೋಡಿದ್ದೇನೆ. ಇನ್ನು ಮುಂದೆ ಮಗುಚಿ ನೋಡುತ್ತೇನೆ. ಅಂಥವರು ಎಲ್ಲಾದರೂ ಇದ್ದೇ ಇರುತ್ತಾರೆ. ಅಪ್ಪಣೆ ಕೊಟ್ಟರೆ ಈಗಲೇ ಹೊರಡುತ್ತೇನೆ.”

ಅವರು ಬೇಡ ಎನ್ನಲಿಲ್ಲ. ನಾನು ಒಳಗೆ ಹೋಗಿ ನನ್ನ ಕಂಬಳಿ ಮಡಿಸಿದೆ. ಎರಡು ಅಂಗಿ, ಒಂದು ಪಂಚೆ, ತಟ್ಟೆ, ಲೋಟ. ಎಲ್ಲವನ್ನೂ ಕಂಬಳಿಯ ನಡುವೆ ಇಟ್ಟು ಮೂಲೆಗಳನ್ನು ಎಳೆದು ಗಂಟು ಹಾಕತೊಡಗಿದೆ. ಅಯ್ಯ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು.

“ಮೊದಲ ಹನಿ ಕಂಡಾಗ ಅವಳು ಸೀಮೆಸುಣ್ಣ ತೆಗೆದಳಪ್ಪಾ,” ಎಂದರು, “ನೀನು ಕಂಬಳಿ ಮಡಿಸುತ್ತೀಯೆ.”

ಅರ್ಧ ಬಿಗಿದ ಗಂಟಿನ ಮೇಲೆ ನನ್ನ ಕೈ ಹಾಗೇ ನಿಂತಿತು.