ಅಗಿದ ಮುದ್ದೆ

ಪರದೇಶದ ಸಂಸ್ಥೆಯೊಂದು ನಮ್ಮೂರ ಹಾಲಿನ ಡೇರಿಗೆ ಕಂಪ್ಯೂಟರ್ ಕಳಿಸಿತ್ತು. ಬಳಸುವುದನ್ನು ಹೇಳಿಕೊಡಲು ಯಾರೂ ಬರಲಿಲ್ಲ. ಮರುವರ್ಷ ಅಲ್ಲಿಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಇಂಗ್ಲಿಷ್ ಮೇಷ್ಟ್ರೆಂದು ದುಭಾಷಿಯ ಕೆಲಸ ನನಗೆ ಬಿತ್ತು.

ಮುಸುಕು ಹೊದ್ದು ಕೂತ ಕಂಪ್ಯೂಟರ್ ಕಂಡು ಸಾಹೇಬರ ಸಿಟ್ಟು ನೆತ್ತಿಗೇರಿತು. “ಕೊಟ್ಟದ್ದನ್ನು ಬಳಸೋಕೆ ಇವರಿಗೇನು ಧಾಡಿ? ವಾಪಸ್ ಒಯ್ಯುತ್ತೇನೆ.” ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ.

ಡೇರಿ ನೋಡಿಕೊಳ್ಳುವ ಚಿಕ್ಕತಾಯಮ್ಮ, “ಮೊದಲು ಉಣ್ಲಿ ಅನ್ನಿ ಮೇಷ್ಟ್ರೇ” ಎಂದು ಬಿಸಿ ರಾಗಿಮುದ್ದೆ, ಬಸ್ಸಾರು ಬಡಿಸಿದಳು. ತಿನ್ನುವ ಬಗೆ ಹೇಳಲು ನಾನು ಬಾಯಿ ತೆರೆಯಹೋದರೆ ಕಣ್ಣಲ್ಲೇ ತಡೆದಳು.

ಸಾಹೇಬರು ಮುದ್ದೆಯನ್ನು ಅಗಿದರು. ಅದು ಹಲ್ಲಿಗೆಲ್ಲ ಮೆತ್ತಿಕೊಂಡಿತು. ನೀರು ಕುಡಿದು ಬಿಡಿಸಿಕೊಂಡು, “ತಿನ್ನೋದು ಹೇಗೆಂದು ಮೊದಲೇ ಹೇಳಬಾರದಿತ್ತೇ?” ಎಂದು ರೇಗಿದರು.

“ಕೊಟ್ಟಿದ್ದೀನಲ್ಲ, ಉಣ್ಣೋಕೇನು ಧಾಡಿ ಅಂತ ಕೇಳಿ ಮೇಷ್ಟ್ರೇ” ಅಂದಳು ಚಿಕ್ಕತಾಯಮ್ಮ.

ಅಳುಕುತ್ತಲೇ ಕೇಳಿದೆ. ಸಾಹೇಬರು ಕಂಪ್ಯೂಟರಿನತ್ತ ನೋಡಿದರು. ಆಮೇಲೆ ನಕ್ಕರು. ತುತ್ತನ್ನು ಸಾರಲ್ಲಿ ಅದ್ದಿ ನುಂಗುವುದನ್ನು ಅವಳೇ ಪಕ್ಕದಲ್ಲಿ ಕೂತು ತೋರಿಸಿದಳು. ಕೈ ತೊಳೆಯುವಷ್ಟರಲ್ಲಿ ಕಲಿತಿದ್ದರು. “ಹೇಳಿಕೊಡುವವರನ್ನು ಕಳಿಸುತ್ತೇನೆ” ಎಂದು ಮಾತು ಕೊಟ್ಟು ಹೋದರು.

ಬಹಳ ಕಾಲ ಕಾದೆವು. ಕೊನೆಗೊಂದು ದಿನ ಲಾರಿ ಬಂತು. ಅದರಿಂದ ಇಳಿದದ್ದು ಇನ್ನೊಂದು ಕಂಪ್ಯೂಟರ್.

ಚಿಕ್ಕತಾಯಮ್ಮ ಹಳೆ ಸೀರೆ ಹರಿದು ಅದಕ್ಕೂ ಒಂದು ಮುಸುಕು ಹೊಲಿದಳು.